ದಾರ ಕಡಿದ ಕೇರಿ

ಉಗ್ರಾಣದ ಗೋಡೆಬರಹವನ್ನು ತಿದ್ದಿ ಬರೆಯಬೇಕೆಂದು ಅದರ ಸಮಿತಿಯ ಯಜಮಾನ ನಂಜುಂಡೇಗೌಡರು ಹೇಳಿ ಕಳಿಸಿದಾಗ ನಾನು ಹೊಲದಲ್ಲಿ ಹುರುಳಿ ಕೀಳುತ್ತಿದ್ದೆ. ಮನೆಯಲ್ಲಿ ಎಮ್ಮೆ ಆಗಷ್ಟೇ ಈದಿತ್ತು, ಮನೆಮನೆಗೆ ಗಿಣ್ಣು ಹಂಚುವುದೇ ಒಂದು ಕೆಲಸವಾಗಿತ್ತು. ಆದರೂ ಸುಣ್ಣದ ಮಡಕೆ, ಕೆಮ್ಮಣ್ಣಿನ ಉಂಡೆ, ಕತ್ತಾಳೆ ನಾರಿನ ಕುಂಚ ಎತ್ತಿಕೊಂಡು ಹೋದೆ. ಗೋಡೆಯ ಮೇಲೆ ನೆಟ್ಟಗೆ ಅಕ್ಷರ ಬರೆಯುವವರು ನಮ್ಮೂರಿನಲ್ಲಿ ನನ್ನನ್ನು ಬಿಟ್ಟರೆ ಬೇರೆ ಇರಲಿಲ್ಲ.

ನಮ್ಮಲ್ಲಿ ಸತ್ತವರು ಹೋದರೂ ಅವರ ನೆರಳು ಉಳಿಯುತ್ತದೆ. ಹೆಣ ಎತ್ತಿದ ಮೇಲೆ ನೋಡಿದರೆ, ಆ ಜೀವ ಹೆಚ್ಚು ಹೊತ್ತು ಎಲ್ಲಿ ಕಳೆಯುತ್ತಿತ್ತೋ ಅಲ್ಲಿ, ಒರಳಿನ ಪಕ್ಕದಲ್ಲೋ ಕೊಟ್ಟಿಗೆಯ ಗೊಂತಿನ ಹತ್ತಿರವೋ, ಅದು ಬಿದ್ದಿರುತ್ತದೆ. ತಿಥಿ ಮುಗಿಯುವವರೆಗೆ ಅದನ್ನು ತುಳಿಯದೆ ಸುತ್ತಿಕೊಂಡು ಓಡಾಡುತ್ತೇವೆ. ತಿಥಿಯ ಮಾರನೆಯ ಬೆಳಗ್ಗೆ, ಬಿಸಿಲು ಏರುವ ಮೊದಲು, ಸತ್ತವರಿಗೆ ತೀರ ಹತ್ತಿರದವರು ಯಾರೋ ಅವರೇ ಕೂತು ಅದನ್ನು ಕಂಬಳಿಯ ಹಾಗೆ ಮಡಿಸಿ, ಬಾಳೆನಾರಿನಲ್ಲಿ ಕಟ್ಟಿ ಉಗ್ರಾಣಕ್ಕೆ ಕೊಟ್ಟು ಬರಬೇಕು. ಮನೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ಬೆಳಕು ತಾಗಿದಷ್ಟೂ ನೆರಳು ಸವೆಯುತ್ತದೆ. ವರ್ಷಕ್ಕೊಮ್ಮೆ, ಸತ್ತ ದಿನ, ತಂದು ಬಿಸಿಲಿನಲ್ಲಿ ಬಿಡಿಸುತ್ತೇವೆ. ಸಂಜೆಯವರೆಗೆ ಅದು ತನ್ನ ಪಾಡಿಗೆ ಕೂತು, ಬದುಕಿದ್ದಾಗ ಮಾಡುತ್ತಿದ್ದುದನ್ನೇ ಮಾಡುತ್ತಿರುತ್ತದೆ. ಮಾತಿಲ್ಲ, ನಮ್ಮ ಕಡೆ ತಿರುಗುವುದೂ ಇಲ್ಲ. ನನ್ನ ಗಂಡನದು ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುವ ನೆರಳು. ನಾನು ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತ ಮನೆಯ ಸಮಾಚಾರ ಹೇಳುತ್ತೇನೆ, ಒಂದೊಂದು ಸಲ ಬೈಯುವುದೂ ಉಂಟು. ಮೊದಲು ಕಾಡಿಗೆಯಷ್ಟು ಕಪ್ಪಗಿದ್ದದ್ದು ಈಗ ಒಲೆಯ ಹೊಗೆಯಷ್ಟಾಗಿದೆ. ಅದಕ್ಕೇ ವರ್ಷ ಬಿಟ್ಟು ವರ್ಷ ತರುತ್ತೇನೆ. ತರದ ವರ್ಷ ಆ ದಿನ ಮನೆಯಲ್ಲಿರಲು ಆಗದೆ ಹೊಲಕ್ಕೆ ಹೋಗಿಬಿಡುತ್ತೇನೆ.

ಉಗ್ರಾಣವೆಂದರೆ ಕಿಟಕಿಯಿಲ್ಲದ ಉದ್ದನೆಯ ಕಟ್ಟಡ. ಒಳಗೆ ಸಾಲುಸಾಲು ಅಟ್ಟಗಳು. ಮಡಿಸಿದ ನೆರಳೆಲ್ಲ ನೋಡಲು ಒಂದೇ, ಕಪ್ಪಗೆ ಚಿಕ್ಕ ದಿಂಬಿನಂತೆ, ಕೈಯಲ್ಲಿ ಹಿಡಿದರೆ ಹೊಟ್ಟಿನಷ್ಟೂ ಭಾರವಿಲ್ಲ. ಬಂದದ್ದನ್ನು ಎಲ್ಲಿ ಜಾಗ ಖಾಲಿಯಿದೆಯೋ ಅಲ್ಲಿ ಇಡುವುದು ಪದ್ಧತಿ. ಹೀಗಾಗಿ ಬದುಕಿದ್ದಷ್ಟು ದಿನ ಬದುವಿನ ಜಗಳ ಆಡಿದ ದಾಯಾದಿಗಳು ಒಂದೇ ಅಟ್ಟದಲ್ಲಿ ಒಬ್ಬರ ಮೇಲೊಬ್ಬರು ಮಲಗಿರುತ್ತಾರೆ. ಅಪ್ಪ ಒಂದು ತುದಿಯಲ್ಲಿದ್ದರೆ ಮಗ ಇನ್ನೊಂದು ತುದಿಯಲ್ಲಿ. ಹುಡುಕುವುದಕ್ಕೆ ಇರುವುದು ದಾರಗಳು. ಮುಂದಿನ ಪಡಸಾಲೆಯ ದೊಡ್ಡ ತೊಲೆಗೆ ಕೇರಿಗೊಂದರಂತೆ ದಪ್ಪ ಹಗ್ಗ ಇಳಿಬಿಟ್ಟಿದೆ. ಕೇರಿಯ ಹಗ್ಗದಿಂದ ಮನೆಮನೆಯ ಹುರಿ ಒಡೆಯುತ್ತದೆ, ಮನೆಯ ಹುರಿಯಿಂದ ಒಬ್ಬೊಬ್ಬರ ಹೆಸರಿನ ಎಳೆ. ಎಳೆಯ ತುದಿಗೆ ಒಂದು ಮರದ ಬಿಲ್ಲೆ, ಅದರ ಮೇಲೆ ಸಾಲು, ಅಟ್ಟ ಕೊರೆದಿರುತ್ತದೆ. ಬಿಲ್ಲೆ ಓದಿ ಹೇಳಿದರೆ ಸಾಕು, ಉಗ್ರಾಣದ ಮಾಯಿಗಯ್ಯ ಏಣಿ ಹತ್ತಿ ನೆಟ್ಟಗೆ ಅಲ್ಲಿಗೇ ಕೈ ಹಾಕುತ್ತಿದ್ದ.

ಇದನ್ನೆಲ್ಲ ಹೇಗೆ ಮಾಡಬೇಕೆಂದು ಹೊರಗೋಡೆಯ ಮೇಲೆ ಯಾವ ಕಾಲದಲ್ಲೋ ಬರೆಸಿದ್ದರು. 'ವಾರಸುದಾರರು ಕೇರಿವಾರು, ಗೃಹವಾರು, ನಾಮವಾರು ಕ್ರಮಾನುಸಾರವಾಗಿ ದಾರಾವಲೋಕನ ಮಾಡತಕ್ಕದ್ದು' ಎಂದು ಶುರುವಾಗುತ್ತಿತ್ತು. ಅಮ್ಮನನ್ನೋ ಮಗುವನ್ನೋ ಕಳೆದುಕೊಂಡು ಬಂದವರು ಅದರ ಮುಂದೆ ನಿಂತು ಮೊದಲ ಸಾಲಿಗೇ ಸೋತು, ಒಳಗೆ ಹೋಗಿ ಕೈಗೆ ಸಿಕ್ಕಿದ ಎಳೆಯನ್ನು ಎಳೆಯುತ್ತಿದ್ದರು. ತೊಲೆಯ ಕೆಳಗೆ ಯಾವಾಗಲೂ ಸಿಕ್ಕು.

ನಾನು ಬರೆಯುವ ಮೊದಲು ಅಲ್ಲಿ ಕೂತು ಬಂದವರಿಂದ ಗೋಡೆಯನ್ನು ಓದಿಸಿದೆ. ಓದುವಾಗ ಬೆರಳು ಎಲ್ಲಿ ನಿಲ್ಲುತ್ತದೋ ಅಲ್ಲಿ ಮಾತು ಕೆಟ್ಟಿದೆ ಎಂದು ಲೆಕ್ಕ. ಕುರುಬಗೇರಿಯ ಕಾಳಯ್ಯ 'ದಾರಾವಲೋಕನ'ದ ಮೇಲೆ ಬೆರಳಿಟ್ಟು, "ಇದ್ಯಾರು ರುದ್ರಕ್ಕ, ನಮ್ಮೂರಲ್ಲಿ ಈ ಹೆಸ್ರಿನೋರು ಯಾರೂ ಸತ್ತಿಲ್ವಲ್ಲ" ಅಂದ. ಅದನ್ನು ಅಳಿಸಿ, 'ಮೊದಲು ನಿಮ್ಮ ಕೇರಿಯ ಹಗ್ಗ ಹಿಡಿಯಿರಿ. ಅದರಲ್ಲಿ ನಿಮ್ಮ ಮನೆಯ ಹುರಿ. ಅದರಲ್ಲಿ ಹೆಸರಿನ ಎಳೆ' ಎಂದು ಬರೆದೆ. 'ಬರೀ ಹೆಸರು ಗೊತ್ತಿದ್ದರೆ ದಾರದಿಂದ ಸಿಗುವುದಿಲ್ಲ. ಕೇರಿ ಯಾವುದೆಂದು ಹಿರಿಯರನ್ನು ಕೇಳಿಕೊಂಡು ಬನ್ನಿ' ಎಂದು ಇನ್ನೊಂದು ಸಾಲು ಸೇರಿಸಿದೆ. ಕಾಳಯ್ಯ ಒಂದೇ ಉಸಿರಿಗೆ ಓದಿ, "ಇಷ್ಟೇನಾ? ಇದನ್ನ ಹೇಳಾಕೆ ಆವಾಗ ಅಷ್ಟು ಸುಣ್ಣ ಯಾಕೆ ದಂಡ ಮಾಡಿದ್ರು?" ಎಂದು ಒಳಗೆ ಹೋದ.

ಕೊನೆಯ ಸಾಲಿನಲ್ಲಿ ನನ್ನ ಕೈ ನಿಂತಿತು. 'ದಾರ ಕಡಿಯುವುದರಿಂದ ನೆರಳಿಗೆ ಯಾವ ಬಾಧಕವೂ ಇರುವುದಿಲ್ಲ' ಎಂದಿತ್ತು. ಇದು ಮೇದರ ಕೇರಿಯ ಹಗ್ಗ ಕಡಿದಾಗ ಬರೆಸಿದ ಸಾಲು. ಬಿದಿರು ಹೂಬಿಟ್ಟು ಮೆಳೆಮೆಳೆಯೇ ಒಣಗಿಹೋದ ವರ್ಷ ಆ ಕೇರಿಯವರು ಬುಟ್ಟಿ ಹೆಣೆಯಲು ಸೀಳು ಸಿಗದೆ, ಗಾಡಿ ಕಟ್ಟಿಕೊಂಡು ಒಟ್ಟಿಗೇ ಊರು ಬಿಟ್ಟರು. ಹೋದವರು ತಿರುಗಿ ಬರಲಿಲ್ಲ. ಇತ್ತ ಪ್ರತಿ ಸಾವಿಗೂ ಹೊಸ ಎಳೆ ಕಟ್ಟಿ ಕಟ್ಟಿ ತೊಲೆ ಜಗ್ಗತೊಡಗಿತ್ತು. ಯಾರೂ ಮುಟ್ಟದ ಹಗ್ಗ ಯಾಕೆಂದು ಮೇದರ ಕೇರಿಯದನ್ನು ಬುಡಸಮೇತ ಕಡಿದರು. ಒಳ್ಳೆಯ ಹುರಿ, ದನ ಕಟ್ಟುವುದಕ್ಕೆ ಆಯಿತು. ಬಿಲ್ಲೆಗಳು ಛತ್ರದ ಒಲೆಗೆ ಹೋದವು. ನಮ್ಮ ಕೇರಿಯದೂ ನಾಳೆ ಹೀಗೇ ಏನೋ ಎಂದು ಜನ ಹೆದರಿದಾಗ ಸಮಿತಿಯವರು ಆ ಸಾಲು ಬರೆಸಿದ್ದರು.

"ಅದೊಂದನ್ನ ಚೆನ್ನಾಗಿ ಬರಿ ರುದ್ರಮ್ಮ. ಜನಕ್ಕೆ ಧೈರ್ಯ ಬರೋ ಹಂಗಿರಲಿ" ಅಂದರು ಗೌಡರು.

ಸಾಕವ್ವ ಬಂದದ್ದು ಆಗಲೇ. ಐವತ್ತು ದಾಟಿದ ಹೆಂಗಸು, ತಲೆಯ ಮೇಲೆ ಸಿಂಬಿ, ಅದರ ಮೇಲೊಂದು ಹಳೆಯ ಬಿದಿರುಬುಟ್ಟಿ. ಗೋಡೆಯ ಮುಂದೆ ನಿಂತು ಹೊಸ ಬರಹವನ್ನು ಅಕ್ಷರ ಕೂಡಿಸಿ ಓದಿದಳು. ಒಳಗೆ ಹೋಗಿ ಒಂದೊಂದೇ ಹಗ್ಗ ಹಿಡಿದು ನೋಡಿ ಹೊರಗೆ ಬಂದಳು.

"ಅಕ್ಕ, ನೀನು ಬರ್ದಿರೋ ಪ್ರಕಾರವೇ ಮಾಡ್ದೆ. ನಮ್ಮ ಕೇರಿ ಸಿಗ್ತಿಲ್ಲ."

"ಯಾವ ಕೇರಿನವ್ವ ನಿಮ್ದು?"

"ಮೇದರ ಕೇರಿ. ನಮ್ಮವ್ವನ ಹೆಸ್ರು ಕೇತಮ್ಮ."

ನನ್ನ ಕುಂಚದ ಸುಣ್ಣ ಕಾಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಹೇಳಿದೆ. ಮುಚ್ಚಿಡುವುದಕ್ಕೆ ಏನೂ ಇರಲಿಲ್ಲ. ಅವಳು ಬುಟ್ಟಿ ಇಳಿಸಿ, ಕಟ್ಟೆಯ ಮೇಲೆ ಕೂತು, ಕೊನೆಯ ಸಾಲನ್ನು ಮತ್ತೊಮ್ಮೆ ಓದಿದಳು. "ಬಾಧಕ ಇಲ್ಲ ಅಂತ ಬರ್ದೈತಲ್ಲ. ಅಂದ್ರೆ ಒಳಗೆ ಅವಳೆ?"

"ಅವಳೆ. ಎಲ್ಲವಳೆ ಅಂತ ಹೇಳೋರು ಇಲ್ಲ."

ಅವಳು ಹುಟ್ಟಿ ನಡೆಯಲು ಕಲಿಯುವ ಮೊದಲೇ ತಾಯಿ ತೀರಿಕೊಂಡಿದ್ದಳು. ತಾಯಿಯ ತಂಗಿ ಎತ್ತಿಕೊಂಡು ಸಾಕಿದಳು. ಕೇರಿ ಊರು ಬಿಟ್ಟಾಗ ಸೊಂಟದ ಮೇಲೆ ಹೊತ್ತುಕೊಂಡು ಹೋದವಳೂ ಅವಳೇ. ಆ ಚಿಕ್ಕವ್ವನನ್ನೇ ಹೆತ್ತವಳೆಂದು ಇಷ್ಟು ಕಾಲ ತಿಳಿದಿದ್ದಳಂತೆ. ಹೋದ ಕಾರ್ತಿಕದಲ್ಲಿ ಚಿಕ್ಕವ್ವ ಸಾಯುವಾಗ ಬಾಯಿ ಬಿಟ್ಟಳು. "ನಾನಲ್ಲ ಕಣೆ ನಿನ್ನ ಹೆತ್ತೋಳು, ನಿನ್ನ ಹೆತ್ತೋಳು ಆ ಊರ ಉಗ್ರಾಣದಲ್ಲವಳೆ, ಒಂದ್ಸಲ ಹೋಗಿ ನೋಡು ಅಂದ್ಲು. ಅಲ್ಲಿ, ಹೊರಗಡೆ ಊರುಗಳಲ್ಲಿ, ಸತ್ತೋರ ನೆರಳು ಸತ್ತೋರ ಜೊತೆಗೇ ಹೋಗ್ತದೆ ಅಕ್ಕ. ಮಣ್ಣು ಮಾಡಿ ಮನೆಗೆ ಬಂದ್ರೆ ಅವಳು ಕೂತಿರ್ತಿದ್ದ ಜಾಗದಲ್ಲಿ ಬರೀ ನೆಲ. ಇದ್ದೋಳೂ ಹೋದ್ಲು. ಇನ್ನೊಬ್ಬಳ ಮುಖ ಕಂಡಿಲ್ಲ. ಮುಖ ಬ್ಯಾಡ, ಅವಳು ಎಂಗೆ ಕೂತ್ಕೊಳ್ತಿದ್ಲು ಅಂತ ಒಂದು ದಿನ ನೋಡಿದ್ರೆ ಸಾಕು."

ಮಾಯಿಗಯ್ಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಒಣಕಲು ಮನುಷ್ಯ, ಒಂದು ಮಾತಿಗೆ ಎರಡು ಸಲ ಕೆಮ್ಮುವವನು. ಅವನಿಗೆ ಹೆಂಡತಿ ಮಕ್ಕಳಿಲ್ಲ, ಆ ಅಟ್ಟಗಳೇ ಸಂಸಾರ. "ಎಲ್ಲಾನೂ ಬಿಡಿಸಿ ನೋಡಕ್ಕಾಗಕಿಲ್ಲ ಕಣವ್ವ. ಇಡೀ ಊರಿನ ಸತ್ತೋರು ಸವೆದು ಹೋಗ್ತಾರೆ" ಅಂದ.

"ಎಲ್ಲಾನೂ ಯಾಕೆ ಮಾಯಿಗಣ್ಣ" ಅಂದೆ ನಾನು. "ಮಿಕ್ಕ ಕೇರಿಗಳ ದಾರ ಅವೆಯಲ್ಲ. ದಾರ ಇರೋವಕ್ಕೆಲ್ಲ ಒಂದೊಂದು ಹುಲ್ಲುಕಡ್ಡಿ ಸಿಕ್ಕಿಸ್ಕೊಂಡು ಹೋಗಾಣ. ಕಡ್ಡಿ ಇಲ್ದೆ ಉಳಿದವು ಮೇದರ ಕೇರೀವು."

ಅವನು ಕೆಮ್ಮಿದ. ಆಮೇಲೆ ಏಣಿ ತಂದು ಮೊದಲ ಸಾಲಿನ ಅಟ್ಟಕ್ಕೆ ಒರಗಿಸಿದ.

ಹಾಗೆ ಆ ಕೆಲಸ ಶುರುವಾಯಿತು. ಸಾಕವ್ವ ನಮ್ಮ ಮನೆಯಲ್ಲೇ ಉಳಿದಳು. ಬೆಳಗ್ಗೆ ಹಾಲು ಕರೆದಿಟ್ಟು ಇಬ್ಬರೂ ಒಂದೊಂದು ಹೊರೆ ರಾಗಿಹುಲ್ಲಿನ ಕಡ್ಡಿ ಹೊತ್ತು ಹೋಗುತ್ತಿದ್ದೆವು. ದೀಪ ಹಚ್ಚುವ ಹಾಗಿಲ್ಲ. ನಾನು ಪಡಸಾಲೆಯಲ್ಲಿ ನಿಂತು ಒಂದೊಂದೇ ಎಳೆಯ ಬಿಲ್ಲೆ ಓದಿ ಕೂಗುವುದು, ಒಳಗೆ ಕತ್ತಲಲ್ಲಿ ಮಾಯಿಗಯ್ಯ ಏಣಿ ಹತ್ತಿ ಆ ಗಂಟನ್ನು ತಡವಿ ಹಿಡಿಯುವುದು, ಸಾಕವ್ವ ಕೆಳಗಿನಿಂದ ಕಡ್ಡಿ ಕೊಡುವುದು. ಕೆರೆಗೆ ಹೋಗುವ ಹೆಂಗಸರು ಬಿಂದಿಗೆ ಇಳಿಸಿ ತಮಾಷೆ ನೋಡಲು ಬಂದವರು ತಾವೇ ಹುರಿ ಹಿಡಿದು ನಿಂತರು. "ನಮ್ಮತ್ತೆಗೆ ಎರಡು ಕಡ್ಡಿ ಸಿಕ್ಸು ಮಾಯಿಗಣ್ಣ, ಒಂದ್ರಲ್ಲಿ ಅಲ್ಲಾಡ್ದೆ ಕೂರೋಳಲ್ಲ" ಎಂದು ಒಬ್ಬಳು ಕೂಗಿದರೆ, ಇನ್ನೊಬ್ಬಳು "ನಿಮ್ಮತ್ತೆ ಪಕ್ಕದಲ್ಲೇ ನಮ್ಮಾವ ಅವ್ನಂತೆ, ನೋಡ್ಕೊಳ್ಳೆ" ಎನ್ನುತ್ತಿದ್ದಳು. ಸಾಕವ್ವನೂ ನಗುತ್ತಿದ್ದಳು. ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು.

ಕಡ್ಡಿಯಿಲ್ಲದ ಗಂಟುಗಳು ಅಲ್ಲೊಂದು ಇಲ್ಲೊಂದು ಉಳಿಯತೊಡಗಿದವು. ಕೊನೆಕೊನೆಗೆ ಅವನ್ನೆಲ್ಲ ಒಂದು ಅಟ್ಟಕ್ಕೆ ತಂದು ಸೇರಿಸಿದೆವು. ಒಂದು ಅಟ್ಟ ತುಂಬಿ ಇನ್ನೊಂದಕ್ಕೂ ಆಯಿತು. "ಇಷ್ಟು ಜನಾನ ನಮ್ಮೋರು?" ಅಂದಳು ಸಾಕವ್ವ. ಅವಳ ದನಿಯಲ್ಲಿ ಹೆಮ್ಮೆಯಂಥದೇನೋ ಇತ್ತು.

ಇನ್ನು ಹುಡುಕುವುದು ಹೇಗೆ ಎಂದು ನಾನು ಕೇಳಿದ್ದಕ್ಕೆ ಅವಳು ತಟ್ಟನೆ, "ಅದು ನಂಗೆ ಗೊತ್ತು. ಅದಕ್ಕೇ ಅಲ್ವಾ ಇಷ್ಟು ಧೈರ್ಯವಾಗಿ ಕಡ್ಡಿ ಹೊತ್ತಿದ್ದು?" ಅಂದಳು.

"ಎಂಗೆ?"

"ನಮ್ಮವ್ವನ ನೆರಳು ಮಡಿಸಿದ್ದು ನಮ್ಮ ಚಿಕ್ಕವ್ವ. ಅವಳು ಎಡಗೈಯೋಳು. ಸೀರೆಯಾಗ್ಲಿ ಕೌದಿಯಾಗ್ಲಿ, ಎಲ್ರೂ ಮಡಿಸೋದಕ್ಕೆ ತಿರುಗಾಮುರುಗಾ ಮಡಿಸೋಳು. ಮಡಿಸಿ ಕೊನೇ ಚುಂಗನ್ನ ಬುಟ್ಟಿ ಅಂಚು ಮುಗಿಸೋ ಹಂಗೆ ಒಳಕ್ಕೆ ತೂರಿಸಿ ಬಿಗಿ ಮಾಡೋಳು. ನಾನು ಅದನ್ನ ಬಿಚ್ಚಾಕೆ ಹೋಗಿ ದಿನಾ ಬೈಸ್ಕೊಂಡಿವ್ನಿ. ನಮ್ಮವ್ವ ಸತ್ತು ಆರು ತಿಂಗಳಿಗೆ ಕೇರಿ ಊರು ಬಿಡ್ತಂತೆ. ಆಮೇಲೆ ಯಾರೂ ಬಿಡಿಸಿಲ್ಲ. ಚಿಕ್ಕವ್ವನ ಕೈಮಡಿಕೆ ಹಂಗೇ ಇರ್ತದೆ. ಕಣ್ಣು ಮುಚ್ಚಿ ಮುಟ್ಟಿದ್ರೂ ಗೊತ್ತಾಗ್ತದೆ."

ಹೇಳುತ್ತ ಅವಳು ಗಾಳಿಯಲ್ಲೇ ಎಡಗೈಯಿಂದ ಮಡಿಸಿ ತೋರಿಸಿದಳು. ದಾರ ಇಲ್ಲದಿದ್ದರೇನು, ಮಡಿಕೆಯೇ ದಾರಿ ಹೇಳುತ್ತದಲ್ಲ ಎಂದು ಹಿಗ್ಗಿ ಮಾಯಿಗಯ್ಯನ ಕಡೆ ತಿರುಗಿದೆ. ಅವನು ಏಣಿಯ ಮಧ್ಯದಲ್ಲಿ ನಿಂತಿದ್ದ. ಹತ್ತಲೂ ಇಲ್ಲ, ಇಳಿಯಲೂ ಇಲ್ಲ.

ಸಾಕವ್ವ ಅಟ್ಟದ ಮುಂದೆ ನಿಂತು ಮೊದಲ ಗಂಟನ್ನು ಕೈಗೆ ತೆಗೆದುಕೊಂಡು ಅಂಚು ತಡವಿದಳು. ಕೆಳಗಿಟ್ಟಳು. ಎರಡನೆಯದು. ಮೂರನೆಯದು. ಸರಸರನೆ ಇನ್ನೂ ನಾಲ್ಕಾರು ತಡವಿ ನಿಧಾನವಾದಳು.

"ಅಣ್ಣ, ಇವೆಲ್ಲ ಯಾಕೆ ಒಂದೇ ತರ ಅವೆ?"

ಅವನು ಇಳಿದು ಬಂದ. ಕೆಮ್ಮು ಬರಲಿಲ್ಲ. "ನಾನೇ ಕಣವ್ವ ಮಡಿಸಿದ್ದು. ಎಲ್ಲಾನೂ ನಾನೇ."

ಅವಳಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

"ಹಗ್ಗ ಕಡಿದ ವರ್ಷ ಸಮಿತಿಯೋರು ಅಂದ್ರು, ಮೇದರ ಕೇರೀವು ಒಂದೊಂದು ಒಂದೊಂದು ತರ ಉಬ್ಕೊಂಡವೆ, ಒಂದೇ ಅಳತೆಗೆ ಬಿಗಿಯಾಗಿ ಮಡಿಸಿದ್ರೆ ಎರಡು ಗಂಟಿನ ಜಾಗದಲ್ಲಿ ಮೂರು ಹಿಡೀತವೆ ಅಂತ. ನಾನು ಬಾಗ್ಲು ಹಾಕ್ಕೊಂಡು, ಸಂದಿಗೆಲ್ಲ ಗೋಣಿತಾಟು ತುರುಕಿ, ಕತ್ಲಲ್ಲೇ ಒಂದೊಂದಾಗಿ ಬಿಚ್ಚಿ ಮಡಿಸ್ದೆ. ಒಂದು ಸೂಜಿಮೊನೆಯಷ್ಟು ಬೆಳಕು ತಾಗ್ಲಿಲ್ಲ. ಒಂದು ಎಳೆ ಸವೀಲಿಲ್ಲ. ನಮ್ಮೋರನ್ನ ಮಡಿಸಿದಂಗೆ ಮಡಿಸಿ, ಎಲ್ಲಿ ಜಾಗ ಸಿಕ್ತೋ ಅಲ್ಲಿ ಇಟ್ಟೆ ಕಣವ್ವ. ಒಂದೇ ಒಂದು ಮಾತ್ರ ತಿರುಗಾಮುರುಗಾ ಇತ್ತು. ಕೈಗೆ ಅಡ್ಡಡ್ಡ ಬಂತು. ಇದ್ಯಾರಪ್ಪ ತಪ್ಪು ಮಡಿಸವ್ರೆ ಅಂತ ಅದನ್ನ ಸರಿ ಮಾಡ್ದೆ."

ಸಾಕವ್ವ ಕೈಯಲ್ಲಿದ್ದ ಗಂಟಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು. "ಚೆಂದಾಗಿ ಮಡಿಸಿದ್ದೀಯ ಅಣ್ಣ" ಅಂದಳು. "ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆ ಯತ್ಯಾಸ ಇಲ್ಲ."

ಅವಳು ವ್ಯಂಗ್ಯ ಆಡಲಿಲ್ಲ. ಆಡಿದ್ದರೆ ಮಾಯಿಗಯ್ಯ ತಡೆದುಕೊಳ್ಳುತ್ತಿದ್ದನೇನೋ. ಅವನು ಅಲ್ಲೇ ನೆಲದ ಮೇಲೆ, ಉಳಿದ ಹುಲ್ಲುಕಡ್ಡಿಗಳ ಮೇಲೆ ಕೂತುಬಿಟ್ಟ.

ಸುದ್ದಿ ಗೌಡರವರೆಗೆ ಹೋಯಿತು. ಮರುದಿನ ಬಂದರು. ಕೆಟ್ಟ ಮನುಷ್ಯರಲ್ಲ, ತೊಲೆ ಮುರಿದು ಬೀಳದಂತೆ ನೋಡಿಕೊಳ್ಳುವುದು ಅವರ ಕೆಲಸ. "ಏನವ್ವ, ಇಷ್ಟು ದೂರದಿಂದ ಬಂದಿದ್ದೀಯ. ಬಿಡಿಸಿ ನೋಡ್ಬಿಡು. ಒಂದೊಂದಾಗಿ ಅಂಗಳಕ್ಕೆ ತಂದು ಬಿಡಿಸು, ಹೆಂಗಸಾದ್ರೆ ನೋಡು, ಗಂಡಸಾದ್ರೆ ಬಿಡು. ನಿಮ್ಮವ್ವ ಸಿಕ್ಕೋವರೆಗೂ ಬಿಡಿಸು. ಸಮಿತಿ ಅಡ್ಡಿ ಮಾಡಾಕಿಲ್ಲ" ಅಂದರು.

"ಇವು ಹಳೇವು ಗೌಡ್ರೇ. ಬಿಸಿಲು ಕಂಡು ಎಷ್ಟು ಕಾಲ ಆಯ್ತು, ಈಗ ಬಿಸಿಲು ತಡ್ಕೊಳ್ಳಾಕಿಲ್ಲ. ಒಂದ್ಸಲ ಬಿಡಿಸಿದ್ರೆ ಇನ್ನೊಂದ್ಸಲಕ್ಕೆ ಉಳಿಯಾಕಿಲ್ಲ" ಅಂದ ಮಾಯಿಗಯ್ಯ.

"ಉಳಿದು ಏನಾಗ್ಬೇಕು ಮಾರಾಯ? ಯಾರು ಬತ್ತಾರೆ ಇವನ್ನ ಕೇಳ್ಕೊಂಡು?"

"ನಾನು ಬಂದ್ನಲ್ಲ" ಅಂದಳು ಸಾಕವ್ವ.

ಗೌಡರು ಅವಳ ಕಡೆ ತಿರುಗಿದರು.

"ಯಾರೂ ಬರಲ್ಲ ಅಂತ ತಾನೆ ಅವತ್ತು ದಾರ ಕಡಿದಿದ್ದು? ನಾನು ಬಂದೆ. ನಾಳೆ ಇನ್ಯಾರೋ ಬತ್ತಾಳೆ. ನಮ್ಮವ್ವನ್ನ ಹುಡುಕ್ತಾ ಅವರವ್ವನ್ನ ನಾನು ಸವೆಸಿಬಿಟ್ಟಿದ್ರೆ ಅವಳಿಗೆ ಏನು ಹೇಳ್ಲಿ? ಬಾಧಕ ಇಲ್ಲ ಅಂತ ಗೋಡೆ ಮ್ಯಾಲೆ ಬರೆಸ್ಲಾ?" ಅವಳ ದನಿ ಏರಲಿಲ್ಲ. "ಅದೂ ಅಲ್ದೆ, ಬಿಡಿಸಿದ್ರೂ ನಂಗೆ ಗೊತ್ತಾಗ್ತದಾ? ಕೇರಿ ತುಂಬ ಬುಟ್ಟಿ ಹೆಣೆಯೋ ಹೆಂಗಸ್ರು. ಎಲ್ರೂ ಕುಕ್ಕರಗಾಲಲ್ಲೇ ಕೂರೋರು. ಅವಳನ್ನ ನಾನು ಕಂಡಿಲ್ಲ. ಮಡಿಕೆ ಒಂದು ಗೊತ್ತಿತ್ತು."

ಆ ರಾತ್ರಿ ಅವಳು ನಮ್ಮ ಮನೆಯಲ್ಲಿ ಉಣ್ಣಲಿಲ್ಲ. ಬೆಳಗ್ಗೆ ಎದ್ದು ಮುಖ ತೊಳೆದು, ತಲೆ ಬಾಚಿ, ಊರಿಗೆ ಹೊರಡುವವಳ ಹಾಗೆ ಬುಟ್ಟಿ ಎತ್ತಿಕೊಂಡಳು. ಉಗ್ರಾಣದ ಹತ್ತಿರ ಬಂದಾಗ ನಿಂತು ಮಾಯಿಗಯ್ಯನನ್ನು ಕರೆದಳು.

"ಅಣ್ಣ, ಒಂದು ಬಿಡಿಸ್ತೀನಿ. ಒಂದೇ. ಅವಳಾಗಿದ್ರೆ ನನ್ನ ಪುಣ್ಯ. ಅಲ್ಲ ಅಂದ್ರೆ, ಅದ್ಯಾರೋ ಅವರ ಜೊತೆ ಒಂದಿನ ಕೂತಿದ್ದು ಹೋಗ್ತೀನಿ. ಮಿಕ್ಕೋರು ಇರ್ಲಿ."

"ಯಾವುದನ್ನ ತರ್ಲವ್ವ?"

"ನೀನೇ ಮಡಿಸಿದ್ದು. ನೀನೇ ಕೊಡು."

ಅವನು ಒಳಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಇಣುಕಿ ನೋಡಿದೆ. ಅಟ್ಟದ ಮುಂದೆ ನಿಂತು ಒಂದನ್ನು ಎತ್ತುವನು, ಎದೆಗೆ ಒತ್ತಿ ಹಿಡಿದು ನೋಡುವನು, ಮತ್ತೆ ಇಡುವನು. ತನ್ನ ಕೈಗೆ ಅಡ್ಡ ಬಂದಿದ್ದ ಆ ಒಂದು ಗಂಟು ಎಲ್ಲಾದರೂ ನೆನಪಿಗೆ ಸಿಗುತ್ತದೋ ಎಂದು ಹುಡುಕುತ್ತಿದ್ದ. ಕೊನೆಗೆ ಒಂದನ್ನು ತಂದ. ತರುವಾಗ ಬಾಯಲ್ಲಿ ಏನೋ ಬೇಡಿಕೊಳ್ಳುತ್ತಿದ್ದ.

ಅಂಗಳದಲ್ಲಿ ಎಳೆಬಿಸಿಲು ಬಂದಿತ್ತು. ಸಾಕವ್ವ ನೆಲ ಗುಡಿಸಿ, ನೀರು ಚಿಮುಕಿಸಿ, ಬಾಳೆನಾರು ಬಿಚ್ಚಿ ಹಾಸಿದಳು. ನೆರಳು ಒಂದು ಗಳಿಗೆ ಸುಮ್ಮನೆ ಬಿದ್ದಿತ್ತು. ಆಮೇಲೆ ನಿಧಾನವಾಗಿ ಎದ್ದು ಕೂತಿತು. ಬೆನ್ನು ಬಾಗಿತ್ತು. ತಲೆಗೆ ರುಮಾಲು. ಗಂಡಸು, ಮುದುಕ. ಮುಂದಕ್ಕೆ ಚಾಚಿದ ಪಾದದ ಹೆಬ್ಬೆರಳಿನಿಂದ ಏನನ್ನೋ ಅದುಮಿ ಹಿಡಿದು, ಎರಡೂ ಕೈಯಲ್ಲಿ ಹೆಣೆಯಲು ತೊಡಗಿದ.

ಮಾಯಿಗಯ್ಯ ಮುಖ ತಿರುಗಿಸಿದ. ನಾನು ಸಾಕವ್ವನನ್ನು ನೋಡಲಾರದೆ ನೋಡಿದೆ. ಅವಳು ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ಅವನ ಎದುರಿಗೆ ಹೋಗಿ ಕುಕ್ಕರಗಾಲಲ್ಲಿ ಕೂತಳು.

"ಮೊರ ಹೆಣಿತಾ ಇದ್ದೀಯ ಅಪ್ಪಯ್ಯ?" ಅಂದಳು. "ಆ ಮಗ್ಗುಲು ಜಾಸ್ತಿ ಬಿಗಿ ಆಯ್ತು ನೋಡು, ಸೊಟ್ಟ ಆಗ್ತದೆ."

ಅವನು ಕೇಳದೆ ಹೆಣೆಯುತ್ತಿದ್ದ. ಅವಳು ದಿನವಿಡೀ ಮಾತಾಡಿದಳು. ಬಿದಿರು ಈಗ ಯಾವ ಕಾಡಿನಿಂದ ಬರುತ್ತದೆ, ಸೀಳು ಎಷ್ಟು ತುಟ್ಟಿಯಾಗಿದೆ, ಕೇರಿಯವರು ಈಗ ಯಾವ ಯಾವ ಊರಲ್ಲಿದ್ದಾರೆ, ಯಾರ ಮಗಳನ್ನು ಎಲ್ಲಿಗೆ ಕೊಟ್ಟರು, ಯಾರು ಹೆಣಿಗೆ ಬಿಟ್ಟು ಇಟ್ಟಿಗೆ ಗೂಡಿಗೆ ಹೋದರು, ಎಲ್ಲ ಹೇಳಿದಳು. ಅವನ ಹೆಸರು ಗೊತ್ತಿಲ್ಲದ್ದರಿಂದ ಗೊತ್ತಿದ್ದ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳಿ, "ಇವರು ನಿಮ್ಮೋರಾ?" ಎಂದು ಕೇಳಿದಳು. ಮಧ್ಯಾಹ್ನ ನಾನು ಮುದ್ದೆ, ಹುರುಳಿ ಬಸ್ಸಾರು ತಂದಾಗ ಮೊದಲ ತುತ್ತು ಮುರಿದು ಅವನ ಮುಂದಿಟ್ಟು ಆಮೇಲೆ ಉಂಡಳು.

ನಾನು ಗೋಡೆಯ ಕಡೆ ಹೋದೆ. ಹಳೆಯ ಕೊನೆಯ ಸಾಲಿಗೆ ಸುಣ್ಣ ಬಳಿದು, ಅದು ಆರುವವರೆಗೆ ಕಾದು, ಹೀಗೆ ಬರೆದೆ: 'ದಾರ ಕಡಿದರೆ ನೆರಳು ಒಳಗೇ ಇರುತ್ತದೆ. ಹುಡುಕಿ ಬಂದವರಿಗೆ ಸಿಗುವುದಿಲ್ಲ.' ಗೌಡರು ಮೇಲೆ ಶಾಲು ಹೊದ್ದು ಬಂದು ಎರಡು ಸಲ ಓದಿದರು.

"ಈ ಎರಡನೇ ಮಾತು ಬೇಕಾ ರುದ್ರಮ್ಮ? ಜನ ಹೆದರ್ಕೊತಾರೆ."

"ಹೆದರ್ಕೊಳ್ಳಿ ಗೌಡ್ರೇ. ಹೆದರ್ಕೊಂಡ್ರೆ ತೊಲೆಗೆ ಇನ್ನೊಂದು ಊರೆಗಂಬ ಕೊಡ್ತಾರೆ."

ಅವರು ಅಂಗಳದ ಕಡೆ ನೋಡಿದರು. ಅಲ್ಲಿ ಸಾಕವ್ವ ಮುದುಕನ ನೆರಳಿನ ಹತ್ತಿರಕ್ಕೆ ಇನ್ನೂ ಸ್ವಲ್ಪ ಸರಿದು ಕೂತಿದ್ದಳು. ಅಳಿಸು ಅನ್ನಲಿಲ್ಲ. ಹೊರಟುಹೋದರು.

ಹೊತ್ತು ಇಳಿಯುತ್ತ ಬಂದಹಾಗೆ ಮುದುಕ ತೆಳುವಾಗತೊಡಗಿದ. ಮೊದಲು ರುಮಾಲು ಕಾಣದಾಯಿತು. ಆಮೇಲೆ ಬೆನ್ನು. ಕೈಗಳು ಕೊನೆಯವರೆಗೂ ಇದ್ದವು, ಬೆರಳುಗಳ ಮೂಲಕ ಅಂಗಳದ ಮಣ್ಣು ಕಾಣುತ್ತಿತ್ತು. ಸಾಕವ್ವ ಮಾತು ನಿಲ್ಲಿಸಿ, ಅವನು ಕೈ ಆಡಿಸಿದ ಹಾಗೆ ತಾನೂ ಆಡಿಸುತ್ತ ಕೂತಳು. ಸೂರ್ಯ ಮುಳುಗಿದಾಗ ಅವಳ ಕೈ ಮಾತ್ರ ಆಡುತ್ತಿತ್ತು.

ನೆಲದ ಮೇಲೆ ಏನೂ ಉಳಿದಿರಲಿಲ್ಲ. ಏಳು ತಾಯಿ ಅನ್ನಲು ಹೋದೆ. ಅವಳು ಏಳಲಿಲ್ಲ. ಮೊಣಕಾಲೂರಿ, ಮುದುಕ ಕೂತಿದ್ದ ಜಾಗದ ನಾಲ್ಕು ಮೂಲೆಯನ್ನೂ ಬೆರಳಿನಿಂದ ಹಿಡಿದು, ಎಡಗೈಯಿಂದ, ಆ ಬರಿಯ ನೆಲದ ಮೇಲಿನಿಂದ ಮೆಲ್ಲಗೆ ಮಡಿಸುತ್ತ ಬಂದಳು. ಒಂದು ಮಡಿಕೆ, ಅದರ ಮೇಲೊಂದು. ಕೊನೆಯ ಚುಂಗನ್ನು ಒಳಗೆ ತೂರಿಸಿ ಬಿಗಿ ಮಾಡಿ, ಬಾಳೆನಾರು ಸುತ್ತಿ, ಎರಡೂ ಕೈಯಲ್ಲಿ ಎತ್ತಿ ಮಾಯಿಗಯ್ಯನ ಮುಂದೆ ಹಿಡಿದಳು. ನಾರಿನ ಕುಣಿಕೆ ಅವಳ ಅಂಗೈಗಳ ನಡುವೆ ಜೋತಾಡುತ್ತಿತ್ತು.

ಮಾಯಿಗಯ್ಯ ಹೆಗಲ ಮೇಲಿನ ವಲ್ಲಿ ತೆಗೆದು ಸೊಂಟಕ್ಕೆ ಕಟ್ಟಿಕೊಂಡ. ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡ. ಒಳಗೆ ಕತ್ತಲಾಗಿತ್ತು. ಕೈ ಬಿಟ್ಟರೆ ಬಿದ್ದೀತೆಂಬಂತೆ ಏಣಿಯನ್ನು ಹಿಡಿದುಕೊಳ್ಳದೆ, ಮೊಣಕೈ ಊರಿ ಊರಿ ಮೆಟ್ಟಿಲು ಹತ್ತಿದ. ಮೇದರ ಕೇರಿಯ ಅಟ್ಟದಲ್ಲಿ ಬೆಳಗ್ಗೆ ಖಾಲಿಯಾಗಿದ್ದ ಜಾಗದಲ್ಲಿ ಅದನ್ನಿಟ್ಟು, ಪಕ್ಕದ ಗಂಟುಗಳು ಒತ್ತದ ಹಾಗೆ ಸರಿಸಿ, ಸ್ವಲ್ಪ ಹೊತ್ತು ಅಲ್ಲೇ ನಿಂತ.

"ಮಡಗಿದ್ಯಾ ಅಣ್ಣ?" ಎಂದು ಕೆಳಗಿನಿಂದ ಸಾಕವ್ವ ಕೇಳಿದಳು.

"ಮಡಗ್ದೆ ಕಣವ್ವ" ಅಂದ. "ಮಡಿಕೆ ಮುಟ್ಟಿಲ್ಲ."